ಅಮ್ಮನಿಗೆ ಆಪರೇಷನ್, ಅನಸ್ತೇಶಿಯಾ ಭಯ: ಅನುಭವ ಇದ್ದವರು ಹೇಳಿ

ಸಿಂಧನೂರು ಹುಡುಗ: ಅಮ್ಮನಿಗೆ 62 ವರ್ಷ, ಶುಗರ್ ಇದೆ. ಪಿತ್ತಕೋಶದ ಕಲ್ಲಿಗೆ ಮುಂದಿನ ಗುರುವಾರ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್. ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸಿ ಮಾಡುತ್ತಾರಂತೆ. "ಮಲಗಿಸಿದರೆ ನಾನು ಏಳಲ್ಲ" ಅಂತ ಅಮ್ಮ ಹಟ ಹಿಡಿದಿದ್ದಾಳೆ. ಎಚ್ಚರ ಇದ್ದಹಾಗೆಯೇ, ಬೆನ್ನಿಗೆ ಮರಗಟ್ಟಿಸುವ ಸೂಜಿ ಕೊಟ್ಟು ಮಾಡಿಸಬಹುದಾ?

ಗಂಗಾವತಿ ಅಕ್ಕ: ಬೆನ್ನಿನ ಸೂಜಿ ಸಲೀಸು ಅಂತ ಯಾರು ಹೇಳಿದರು ತಮ್ಮಾ? 2019ರಲ್ಲಿ ನನ್ನ ಎರಡನೇ ಸಿಸೇರಿಯನ್. ಮರುದಿನ ಎದ್ದು ಕೂತೆ ನೋಡು, ಹಿಂದಲೆಯಿಂದ ಕತ್ತಿನವರೆಗೆ ಹಗ್ಗ ಹಾಕಿ ಎಳೆದ ಹಾಗೆ. ಮಲಗಿದರೆ ಏನೂ ಇಲ್ಲ, ಕೂತರೆ ಮತ್ತೆ ಶುರು. ಅತ್ತೆ ದೃಷ್ಟಿ ಅಂತ ಮೆಣಸಿನಕಾಯಿ ಸುಟ್ಟರು. ವಾರ್ಡಿನವರು ನಿದ್ದೆಗೆಟ್ಟಿದ್ದಕ್ಕೆ ಅಂದರು. ಐದು ದಿನ ಮಲಗಿಕೊಂಡೇ ಕೂಸಿಗೆ ಹಾಲು ಕುಡಿಸಿದೆ. ಮಾತ್ರೆ 640, ಮೂರು ಬಾಟಲಿ ಡ್ರಿಪ್ 900. ಕಾಫಿ ಕುಡಿದರೆ ಹೋಗುತ್ತೆ ಅಂದರು, ಲೆಕ್ಕವಿಲ್ಲದಷ್ಟು ಕುಡಿದೆ. ಕೊನೆಗೆ ಬಳ್ಳಾರಿಗೆ ಕಾರು ಮಾಡಿಸಿದೆವು, 2,200. ಹಿಂದಿನ ಸೀಟಿನಲ್ಲಿ ಮಲಗಿಯೇ ಹೋದೆ. ಸೂಜಿ ಚುಚ್ಚಿದ ತೂತಿನಿಂದ ಬೆನ್ನುಹುರಿ ಸುತ್ತಲಿನ ನೀರು ಸೋರುತ್ತಿದೆ ಅಂತ ಅಲ್ಲಿನ ಅನಸ್ತೇಶಿಯಾ ಡಾಕ್ಟರು ಹೇಳಿದರು. ನನ್ನ ಕೈಯಿಂದಲೇ 20 ಎಂಎಲ್ ರಕ್ತ ತೆಗೆದು ಬೆನ್ನಿಗೆ ಹಾಕಿದರು. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದಂತೆ. ಎರಡು ಗಂಟೆ ಬಿಟ್ಟು ಕೂತೆ, ನೋವೇ ಇಲ್ಲ! ಇಷ್ಟನ್ನು ಮೊದಲ ದಿನವೇ ಹೇಳೋಕೆ ಏನಾಗಿತ್ತು?

ಸಿರುಗುಪ್ಪ ಭತ್ತ: ನನ್ನ ಹೆಂಡತಿಗೂ ಬೆನ್ನಿಗೇ ಕೊಟ್ಟಿದ್ದು. ಒಂದು ತಲೆನೋವೂ ಇಲ್ಲ. ಸುಮ್ನೆ ಎಲ್ಲರನ್ನೂ ಹೆದರಿಸಬೇಡಿ ಅಕ್ಕಾ.

ಗಂಗಾವತಿ ಅಕ್ಕ: ಚುಚ್ಚಿಸಿಕೊಂಡದ್ದು ನಿಮ್ಮ ಹೆಂಡತಿ ಅಲ್ವಾ? ಅವರನ್ನೇ ಬರೆಯೋಕೆ ಹೇಳಿ.

ರಾಯಚೂರು ಕಿರಾಣಿ: ನಮ್ಮದು ಆರ್ಯವೈಶ್ಯ ಮನೆ. ಹೇಳೋದಕ್ಕೆ ಕಾರಣ ಇದೆ. ತಮ್ಮನ ಅಪೆಂಡಿಕ್ಸ್ ಆಪರೇಷನ್ 40 ನಿಮಿಷಕ್ಕೆ ಮುಗಿಯಿತು, ಆದರೆ ಅವನು ಉಸಿರೇ ಎಳೆಯಲಿಲ್ಲ. ಗಂಟಲಿಗೆ ನಳಿಕೆ ಹಾಕುವ ಮೊದಲು ಸ್ನಾಯು ಸಡಿಲವಾಗಲಿ ಅಂತ ಸಕ್ಸಿನೈಲ್‌ಕೋಲಿನ್ ಕೊಟ್ಟಿದ್ದರು. ಹತ್ತು ನಿಮಿಷದಲ್ಲಿ ಇಳಿಯುವ ಔಷಧ. ಅದನ್ನು ಒಡೆಯುವ ಕಿಣ್ವ ನಮ್ಮವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಏಳು ಗಂಟೆ ವೆಂಟಿಲೇಟರ್, ಬಿಲ್ಲಿಗೆ 18,500 ಜಾಸ್ತಿ. ತಾನಾಗಿಯೇ ಇಳಿಯಿತು, ಬೆಳಿಗ್ಗೆ ಚಹಾ ಕೇಳಿದ. ಆಮೇಲೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿದೆವು. ನನಗೂ ಇದೆ. ಪರೀಕ್ಷೆಯ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಆಧಾರ್ ಜೊತೆ ಇಟ್ಟಿದ್ದೇನೆ.

ಮಾನ್ವಿ ಮಾಮಾ: ಅದಕ್ಕೇ ಹೈದರಾಬಾದಿಗೆ ಹೋಗಿ ಅನ್ನೋದು.

ರಾಯಚೂರು ಕಿರಾಣಿ: ಹೈದರಾಬಾದಿಗೆ ಹೋದರೆ ರಕ್ತ ಬದಲಾಗುತ್ತಾ ಸ್ವಾಮಿ?

ಕಾರಟಗಿ: ಅಪ್ಪನಿಗೆ 78. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿಸೋಣ ಅಂದವನು ನಾನು. ಅಣ್ಣ ಬೇಡ ಅಂದಿದ್ದ. ಆಪರೇಷನ್ ಆದ ರಾತ್ರಿಯಿಂದ ಅಪ್ಪ ಅಪ್ಪನಾಗಿರಲಿಲ್ಲ. ವಾರ್ಡನ್ನು ಎಡದಂಡೆ ಕಾಲುವೆ ಅಂದುಕೊಂಡು "ತೂಬು ಎತ್ರೋ, ಕೊನೆ ಹೊಲಕ್ಕೆ ನೀರು ಬಂದಿಲ್ಲ" ಅಂತ ಕೂಗುತ್ತಿದ್ದರು. ಮೂತ್ರದ ಪೈಪು ಕಿತ್ತರು, ರಕ್ತ ಬಂತು. ನನ್ನನ್ನು ನೀರುಗಳ್ಳ ಅಂದುಕೊಂಡು ಕೆನ್ನೆಗೆ ಹೊಡೆದರು. ಮೂರು ರಾತ್ರಿ. ವಯಸ್ಸಾದವರಿಗೆ ಆಪರೇಷನ್ ಆದಮೇಲೆ ಹೀಗೆ ಆಗುವುದುಂಟು ಅಂತ ಡಾಕ್ಟರು ಹೇಳಿದ್ದು ಎರಡನೇ ರಾತ್ರಿ. ಕನ್ನಡಕ ಹಾಕಿ, ಕಿಟಕಿ ಪಕ್ಕದ ಮಂಚ ಕೊಡಿಸಿ, ಮನೆಯವರೇ ಹತ್ತಿರ ಕೂತು ಮಾತಾಡಿಸಿ ಅಂದರು. ನಾಲ್ಕನೇ ದಿನ "ಯಾಕೋ ಕಣ್ಣು ಕೆಂಪಾಗಿದೆ?" ಅಂತ ನನ್ನನ್ನೇ ಕೇಳಿದರು. ಈಗ ಕೋಲು ಹಿಡಿದು ಹೊಲಕ್ಕೆ ಹೋಗುತ್ತಾರೆ. ಅಣ್ಣ ಮಾತ್ರ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ.

ಓಟಿ ಸಿಸ್ಟರ್, ಬಳ್ಳಾರಿ: ಹುಡುಗ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಲ್ಯಾಪ್ರೋಸ್ಕೋಪಿಗೆ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ. ಎಚ್ಚರವಿದ್ದರೆ ಭುಜ ನೋಯುತ್ತದೆ, ಉಸಿರಾಟ ಕಷ್ಟ. ಅದಕ್ಕೇ ಹೆಚ್ಚಾಗಿ ಮಲಗಿಸಿಯೇ ಮಾಡುವುದು. ಅಮ್ಮನಿಗೆ ಅಲ್ಲಾಡುವ ಹಲ್ಲಿದ್ದರೆ ಮೊದಲೇ ಹೇಳಿ. ಶುಗರ್ ಮಾತ್ರೆ ಯಾವತ್ತು ನಿಲ್ಲಿಸಬೇಕು ಅಂತ ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ.

ಮಾನ್ವಿ ಮಾಮಾ: ಬಳ್ಳಾರಿಯವರು ಹೇಳಿದರೆ ಕೇಳಬೇಕಾ? 2024ರ ನವೆಂಬರ್‌ನಲ್ಲಿ ಬಾಣಂತಿಯರು ಸತ್ತಿದ್ದು ಎಲ್ಲಿ?

ಓಟಿ ಸಿಸ್ಟರ್, ಬಳ್ಳಾರಿ: ಅಲ್ಲಿ ಸಂಶಯ ಬಂದಿದ್ದು ರಿಂಗರ್ ಲ್ಯಾಕ್ಟೇಟ್ ಅನ್ನೋ ಲವಣದ ನೀರಿನ ಡ್ರಿಪ್ ಮೇಲೆ. ಅದನ್ನು ಅನಸ್ತೇಶಿಯಾಗೆ ಗಂಟು ಹಾಕಬೇಡಿ. ಆ ವಾರ ನಾವೂ ಊಟ ಮಾಡಿಲ್ಲ ಸರ್.

ಸಿಂಧನೂರು ಹುಡುಗ: ಎಲ್ಲ ಅಮ್ಮನಿಗೆ ಓದಿ ಹೇಳಿದೆ. ಈಗ ಸೂಜಿಯೂ ಬೇಡವಂತೆ, ಮಲಗಿಸುವುದೂ ಬೇಡವಂತೆ.

ಕುಷ್ಟಗಿ 83: ನಮ್ಮ ಮಾವ ಬೆಳಿಗ್ಗೆ ಆರಕ್ಕೆ ಆಸ್ಪತ್ರೆ ಮುಂದೆಯೇ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಖಾಲಿ ಹೊಟ್ಟೆ ಅಂದರು. ಬಾಯಿಯ ಬೆಳ್ಳುಳ್ಳಿ ವಾಸನೆ ಸಿಸ್ಟರಿಗೆ ಬಡಿಯಿತು. ಆಪರೇಷನ್ ಮುಂದಕ್ಕೆ, ರೂಮಿನ ಬಾಡಿಗೆ 1,500 ದಂಡ. ಎರಡು ಮಿರ್ಚಿಗೆ ಇಷ್ಟಾ?

ಓಟಿ ಸಿಸ್ಟರ್, ಬಳ್ಳಾರಿ: ಮಲಗಿಸಿದಾಗ ಆ ಮಿರ್ಚಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದಿದ್ದರೆ? ಊಟಕ್ಕೆ ಆರು ಗಂಟೆ, ಕರಿದದ್ದಕ್ಕೆ ಎಂಟು. ಬರೀ ನೀರು ಎರಡು ಗಂಟೆ ಮುಂಚಿನವರೆಗೆ ನಡೆಯುತ್ತೆ. ಬೈಯಬೇಕಾದದ್ದು ಮಾವನಿಗೆ.

ಕುಷ್ಟಗಿ 83: ಮಾವನಿಗೆ ಬೈಯೋಕೆ ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯ ಇಲ್ಲ.

ಸಿರುಗುಪ್ಪ ಭತ್ತ: ಬೆಳಿಗ್ಗೆ ಆರಕ್ಕೆ ಬಿಸಿ ಮಿರ್ಚಿ ಎಲ್ಲಿ ಸಿಗುತ್ತೆ ಅಣ್ಣಾ? ಯಾವ ಊರು?