ತೊಂಬತ್ತರ ಕರ್ನಾಟಕ ಟೀಮೋ, ವಿನಯ್ ಕುಮಾರ್ ಟೀಮೋ?

ಗಂಗೋತ್ರಿ ಹುಡ್ಗ, ಮೈಸೂರು:
ನಿನ್ನೆ ಸರಸ್ವತಿಪುರಂನಲ್ಲಿ ಟೀ ಕುಡೀತಾ ಚಿಕ್ಕಪ್ಪನ ಜೊತೆ ಜಗಳ ಆಗೋಯ್ತು ಗುರು. ಅವ್ರದ್ದು ಒಂದೇ ಹಠ, 1995-96, 1997-98, 1998-99 ಮೂರು ರಣಜಿ ಹೊಡೆದ ಟೀಮ್ ಮುಂದೆ ಈಗಿನೋರು ಯಾರೂ ನಿಲ್ಲಲ್ಲ ಅಂತ. ನಾನಂದೆ, ವಿನಯ್ ಕುಮಾರ್ ಕ್ಯಾಪ್ಟನ್ ಆಗಿದ್ದಾಗ 2013-14 ಮತ್ತೆ 2014-15, ಎರಡ್ ವರ್ಷಾನೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್ ಎತ್ಕೊಂಡ್ ಬಂದಂಥ ಟೀಮ್ ಇನ್ನೊಂದ್ ತೋರ್ಸಿ ನೋಡೋಣ. ಅದಕ್ಕವರು ಬನ್ನು ಟೀಗೆ ಅದ್ಕೊಂಡು 'ಶ್ರೀನಾಥ್ ಬಾಲ್ ನೋಡಿದೀಯೇನೋ ನೀನು' ಅಂದ್ರು. ನಾನ್ ಹುಟ್ಟಿದ್ದೇ 97ರಲ್ಲಿ, ಏನ್ ಹೇಳ್ಲಿ? ಎರಡೂ ಟೀಮ್ ಐದ್ ದಿನ ಆಡ್ಸಿದ್ರೆ ಯಾರ್ ಗೆಲ್ತಾರೆ?

ಕಬ್ಬಿನ್ ಗದ್ದೆ, ಮಂಡ್ಯ:
ನಿಮ್ ಚಿಕ್ಕಪ್ಪನ್ನ ಒಂದ್ ಮಾತು ಕೇಳಪ್ಪ, ಆ ದ್ರಾವಿಡ್ಡು ಕುಂಬ್ಳೆ ಶ್ರೀನಾಥು ಪ್ರಸಾದು ಎಲ್ಲಾ ಅರ್ಧ ಸೀಸನ್ನು ಇಂಡಿಯಾಗೆ ಆಡ್ಕಂಡಿದ್ರಲ್ವಾ, ಆವಾಗ ರಣಜಿ ಎಳ್ದೋರ್ ಯಾರು? 95-96ರಲ್ಲಿ ಒಂದೇ ಸೀಸನ್ನಲ್ಲಿ 500 ರನ್ನೂ 50 ವಿಕೆಟ್ಟೂ ಎರಡೂ ಹೊಡ್ದಿದ್ದು ಸುನಿಲ್ ಜೋಶಿ. 99ರ ಫೈನಲ್ಲು ಚಿನ್ನಸ್ವಾಮೀಲಿ, ಮಧ್ಯಪ್ರದೇಶದ ಮೇಲೆ ಫಸ್ಟ್ ಇನಿಂಗ್ಸಲ್ಲಿ 75 ರನ್ ಹಿಂದೆ ಬಿದ್ದಿದ್ವಿ, ಕಪ್ಪು ಹೋಯ್ತು ಅಂತಾನೇ ಎಲ್ರೂ ಎದ್ದಿದ್ರು, ಕೊನೇ ದಿನ ವಿಜಯ್ ಭಾರದ್ವಾಜ್ ಆಫ್ ಸ್ಪಿನ್ ಹಾಕಿ ಆರು ವಿಕೆಟ್ ಕಿತ್ಕಂಡು ಗೆಲ್ಸುದ್ರು. ಭಾರದ್ವಾಜ್ ಬ್ಯಾಟ್ಸ್‌ಮನ್ ಕಣ್ಲಾ, ಬೌಲರ್ರೇ ಅಲ್ಲ! ಸ್ಟಾರ್‌ಗಳ ಹೆಸ್ರು ಹೇಳ್ಕಂಡು ಇಂಥೋರ್ನ ಮರ್ತ್‌ಬಿಡ್ತೀವಿ ನಾವು.

ಹಳೇ ರೇಡಿಯೋ, ಮೈಸೂರು:
ಇಬ್ರೂ ಮಕ್ಳ ಥರ ಕಿತ್ತಾಡ್ತಿದೀರ. ನಮ್ಮೋರು ಬಾಂಬೇನ ಹೊರಗ್ ಹಾಕಿದ 1974ರ ರಣಜಿ ಸೆಮಿಫೈನಲ್ ಬಿಟ್ಟು ಮಾತೇ ಇಲ್ಲ. ಬಾಂಬೆಯೋರು ಹದಿನೈದು ವರ್ಷ ಯಾರಿಗೂ ಕಪ್ ಬಿಟ್ಕೊಟ್ಟಿರ್ಲಿಲ್ಲ, ನಮ್ ಸ್ಪಿನ್ನರ್ ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ್ದು ರೇಡಿಯೋಲಿ ಕೇಳಿ ನಮ್ಮಪ್ಪ ಪೂಜೆ ಅರ್ಧಕ್ಕೆ ಬಿಟ್ಟು ಗಂಟೆ ಕೈಲಿ ಹಿಡ್ಕೊಂಡೇ ಹೊರಗ್ ಬಂದ್ಬಿಟ್ರು. ಆದ್ರೂ ನ್ಯಾಯವಾಗಿ ಹೇಳ್ಬೇಕಂದ್ರೆ ಫೀಲ್ಡಿಂಗಲ್ಲಿ ಈಗಿನ್ ಹುಡುಗ್ರೇ ಸೈ, ನಮ್ ಕಾಲ್ದಲ್ಲಿ ಬಾಲ್ ಬೌಂಡ್ರಿ ದಾಟಿದ್ಮೇಲೆ ಓಡೋರು.

ಬೆಟ್ಟದ್ ಕೆಳಗೆ:
ನನ್ ಓಟು ವಿನಯ್ ಟೀಮ್‌ಗೆ, ಆದ್ರೆ ಕಾರಣ ಟ್ರೋಫಿ ಅಲ್ಲ. 2010 ಜನವರಿ, ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲೇ ಮುಂಬೈ ಮೇಲೆ ರಣಜಿ ಫೈನಲ್. 338 ಹೊಡೀಬೇಕಿತ್ತು, ನಾನು ಆಫೀಸ್‌ಗೆ ಜ್ವರ ಅಂತ ಸುಳ್ ಹೇಳಿ ಹೋಗಿದ್ದೆ, ಜಾಗ ಇಲ್ದೆ ಜನ ಮರ ಹತ್ತಿದ್ರು, ಮನೀಶ್ ಪಾಂಡೆ 144 ಹೊಡ್ದು ಔಟಾದ್ಮೇಲೂ ಆಗತ್ತೆ ಆಗತ್ತೆ ಅಂತಾನೇ ಇದ್ವಿ, ಕೊನೆಗೆ ಆರೇ ಆರು ರನ್ನಲ್ಲಿ ಸೋತ್ವಿ. ಪಕ್ಕದಲ್ಲಿದ್ದೋರು ಕಳ್ಳೇಕಾಯಿ ಪೊಟ್ಟಣ ಹಿಡಿದಿದ್ದು ಹಂಗೇ ಹಿಡಿದಿದ್ರು, ಒಂದೂ ತಿಂದಿರ್ಲಿಲ್ಲ. ವಿನಯ್, ಮಿಥುನ್, ಉತ್ತಪ್ಪ, ಪಾಂಡೆ ಎಲ್ಲಾ ಆ ಸೋಲು ತಿಂದೋರೇ, ನಾಲ್ಕು ವರ್ಷ ಆದ್ಮೇಲೆ ಕಪ್ ಎತ್ತಿದೋರೂ ಅವ್ರೇ. 2015 ಫೈನಲ್ಲಲ್ಲಿ ತಮಿಳ್ನಾಡ್ ಮೇಲೆ 84ಕ್ಕೆ ಐದ್ ಹೋದಾಗ ಕರುಣ್ ನಾಯರ್ 328, ರಾಹುಲ್ 188. ಹಂಗ್ ಆಡೋಕೆ ಒಂದ್ಸಲ ಗಂಗೋತ್ರೀಲಿ ಅತ್ತಿರ್ಬೇಕು ಅನ್ಸತ್ತೆ. (ಕರುಣ್ ಅವತ್ತು ಟೀಮಲ್ಲಿರ್ಲಿಲ್ಲ, ಗೊತ್ತು, ಯಾರೂ ತಿದ್ದೋಕ್ ಬರ್ಬೇಡಿ.)

ಗಂಗೋತ್ರಿ ಹುಡ್ಗ, ಮೈಸೂರು:
ಎಲ್ಲಾ ಚಿಕ್ಕಪ್ಪಂಗೆ ಓದಿ ಹೇಳ್ದೆ. ಭಾರದ್ವಾಜ್ ಆರು ವಿಕೆಟ್ ಅವ್ರಿಗೇ ಮರ್ತೋಗಿತ್ತು, ಸುಮ್ನೆ ಕೂತಿದ್ರು. ಇವತ್ತಿನ್ ಟೀ ದುಡ್ಡು ಅವ್ರೇ ಕೊಟ್ರು.