ರೇರಾ ಏಜೆಂಟ್ ನೋಂದಣಿ ಈಗಲೇ ಮಾಡಿಸಲಾ, ಆಮೇಲಾ? ಅನುಭವ ಇದ್ದವರು ಹೇಳಿ

ಹೊಸಬ_ಮೈಸೂರು: ಮೆಡಿಕಲ್ ರೆಪ್ ಕೆಲಸ ಬಿಟ್ಟು ಸೈಟ್, ಫ್ಲಾಟ್ ವ್ಯವಹಾರಕ್ಕೆ ಇಳಿಯಬೇಕು ಅಂತಿದ್ದೇನೆ. ಕೈಯಲ್ಲಿ 60 ಸಾವಿರ ಇದೆ. ಮೊದಲೇ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಮಾಡಿಸಿಕೊಳ್ಳಲಾ, ಒಂದು ವರ್ಷ ನೋಡಲಾ?

ತುಮಕೂರು_ರೋಡ್: ಮೊದಲು ಮಾಡಿಸಿ. ನಾನು ಮಾಡಿಸದೆ ಕೆಟ್ಟೆ. ಶುಲ್ಕ 25,000. ಅರ್ಜಿ ತುಂಬಿಕೊಟ್ಟವನಿಗೆ 7,500. ನೋಟರಿ, ಛಾಪಾ ಕಾಗದ, ಜೆರಾಕ್ಸ್ ಅಂತ 640. ಇದೆಲ್ಲ ಹೋಗಲಿ. ಆಫೀಸಿನ ಬಾಡಿಗೆ ಕರಾರಿನಲ್ಲಿ ಮನೆ ನಂಬರ್ 14 ಅಂತಿತ್ತು, ಕರೆಂಟ್ ಬಿಲ್ಲಿನಲ್ಲಿ 14/1. ಅರ್ಜಿ ವಾಪಸ್ ಬಂತು. ಮಾಲೀಕರು ಮಗಳ ಬಾಣಂತನಕ್ಕೆ ಅಂತ ಪುಣೆಗೆ ಹೋಗಿದ್ದರು, ಅವರು ಬಂದು ಹೊಸ ಕರಾರಿಗೆ ಸಹಿ ಹಾಕುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಅದೇ ಹೊತ್ತಿಗೆ ಹೊಸ ಅಪಾರ್ಟ್‌ಮೆಂಟಿನಲ್ಲಿ ಎರಡು ಫ್ಲಾಟ್ ಕೊಡಿಸಿದ್ದೆ. ಬಿಲ್ಡರ್ ಕಡೆಯವರು ನಂಬರ್ ಇಲ್ಲದೆ ಕಮಿಷನ್ ಇಲ್ಲ ಅಂದುಬಿಟ್ಟರು. 1,12,000 ರೂಪಾಯಿ. ಗೆಳೆಯನೊಬ್ಬನ ನಂಬರಿನಲ್ಲಿ ಬಿಲ್ ಹಾಕಿಸಿದೆ, ಅರ್ಧ ಅವನೇ ಇಟ್ಟುಕೊಂಡ. ಈಗ ಮಾತಿಲ್ಲ.

ಹಳೇ_ಕೈ: ಸುಮ್ನೆ ಹೆದರಿಸಬೇಡಿ. ಹದಿನಾಲ್ಕು ವರ್ಷದಿಂದ ರೀಸೇಲ್ ಮತ್ತು ಬಾಡಿಗೆ ಮಾತ್ರ ಮಾಡುತ್ತಿದ್ದೇನೆ, ನಂಬರ್ ಇಲ್ಲ. 2016ರ ರೇರಾ ಕಾಯ್ದೆಯ 9ನೇ ಕಲಂ ಓದಿ. ನೋಂದಣಿಯಾದ ಪ್ರಾಜೆಕ್ಟಿನಲ್ಲಿ ಬಿಲ್ಡರೇ ಮಾರುವ ಸೈಟ್, ಫ್ಲಾಟಿಗೆ ಅದು. ಮಾಲೀಕ ತನ್ನ ಹಳೇ ಮನೆ ಮಾರಿದರೆ ನಡುವೆ ನಿಂತವನಿಗೆ ಬೇಕಿಲ್ಲ. ಆ 25 ಸಾವಿರ ಉಳಿಸಿಕೊಂಡು ಇಸಿ (ಆಸ್ತಿ ಮೇಲಿನ ಋಣ, ವಹಿವಾಟು ತೋರಿಸುವ ಪತ್ರ), ಮೂಲ ಪತ್ರ, ಖಾತೆ ಓದುವುದನ್ನು ಕಲಿಯಿರಿ. ನಾನು ಕಲಿತದ್ದು ಹಾಗೆ, ಎರಡು ಮಕ್ಕಳನ್ನು ಓದಿಸಿದ್ದೇನೆ.

ಶಿವಮೊಗ್ಗ_ಅಕ್ಕ: ಇಂಥ ಮಾತು ಕೇಳಿಯೇ ನನ್ನ ತಮ್ಮ ಹಾಳಾಗಿದ್ದು. ರೀಸೇಲ್ ಅಂತ ಶುರು ಮಾಡಿದ, ಆರು ತಿಂಗಳಿಗೆ ಲೇಔಟ್ ಸೈಟ್ ತೋರಿಸಲು ಹೋದ. ಆ ಲೇಔಟಿಗೇ ರೇರಾ ನೋಂದಣಿ ಇರಲಿಲ್ಲ. ಕೊಂಡವರು ಬಿಲ್ಡರನ್ನು ಹುಡುಕಲಿಲ್ಲ, ನಮ್ಮ ಮನೆ ಬಾಗಿಲಿಗೆ ಬಂದರು. ನಂಬರ್ ಇಲ್ಲದೆ ಮಾಡಿದರೆ ದಿನಕ್ಕೆ 10,000 ದಂಡ, ಆ ಆಸ್ತಿ ಬೆಲೆಯ ಶೇ. 5ರವರೆಗೂ ಹೋಗಬಹುದು. ನಾನು ಚಿನ್ನ ಅಡವಿಟ್ಟು ನೋಂದಣಿ ಮಾಡಿಸಿದೆ. ಐದು ವರ್ಷ ನಡೆಯುತ್ತದೆ.

ಹಳೇ_ಕೈ: ನಾನು ಲೇಔಟ್ ಮಾರಿ ಅಂತ ಎಲ್ಲಿ ಹೇಳಿದೆ? ನಿಮ್ಮ ತಮ್ಮ ಮಾಡಿದ್ದಕ್ಕೆ ನನ್ನನ್ನು ಯಾಕೆ ಬೈಯುತ್ತೀರಿ?

ಶಿವಮೊಗ್ಗ_ಅಕ್ಕ: ಹೊಸಬರು ರೀಸೇಲಿಗೇ ನಿಲ್ಲುತ್ತಾರಾ? ನಿಲ್ಲಲ್ಲ. ಅದನ್ನು ಹೇಳಬೇಕಿತ್ತು ಅಲ್ವಾ?

ಪಾಲುದಾರ: ನೀವೆಲ್ಲ 25 ಸಾವಿರಕ್ಕೆ ಜಗಳ ಆಡುತ್ತಿದ್ದೀರಿ. ನಾವಿಬ್ಬರು ಫರ್ಮ್ ಹೆಸರಿನಲ್ಲಿ ಮಾಡಿಸಿದೆವು, 2 ಲಕ್ಷ. ಬೋರ್ಡ್ 18,000. ಎಂಟನೇ ತಿಂಗಳಿಗೆ ಜೊತೆಗಾರ ಬಿಟ್ಟು ಹೋದ, ಗಿರಾಕಿಗಳ ಪಟ್ಟಿ ಅವನ ಫೋನಿನಲ್ಲೇ ಹೋಯಿತು. ಸರ್ಟಿಫಿಕೇಟ್ ಇನ್ನೂ ಗೋಡೆ ಮೇಲಿದೆ.

ತುಮಕೂರು_ರೋಡ್: ಇಬ್ಬರೂ ಬೇರೆ ಬೇರೆ ಮಾಡಿಸಿದ್ದರೆ 50,000ಕ್ಕೆ ಮುಗಿಯುತ್ತಿತ್ತು.

ಪಾಲುದಾರ: ಈಗ ಹೇಳುವುದು ಸುಲಭ. ಫರ್ಮ್ ಹೆಸರಿಲ್ಲದೆ ಆ ಬಿಲ್ಡರ್ ಬಾಗಿಲೊಳಗೆ ಬಿಡುತ್ತಿರಲಿಲ್ಲ. ನೀವು ಗೆಳೆಯನ ನಂಬರಿನಲ್ಲಿ ಬಿಲ್ ಹಾಕಿಸಿದವರು, ನನಗೆ ಬುದ್ಧಿ ಹೇಳಬೇಡಿ.

ತುಮಕೂರು_ರೋಡ್: ತಪ್ಪು ಅಂತ ಗೊತ್ತಿದ್ದೇ ಇಲ್ಲಿ ಬರೆದೆ. ಇನ್ನೊಬ್ಬ ಹಾಗೆ ಮಾಡಬಾರದು ಅಂತ.

ಹಳೇ_ಕೈ: ಅಕ್ಕ, ಒಂದು ಕೇಳುತ್ತೇನೆ. ನಂಬರ್ ಇರುವವರೇ ಕೊಳ್ಳುವವರು, ಮಾರುವವರು ಎರಡೂ ಕಡೆ ಶೇ. 2 ಕಮಿಷನ್ ತೆಗೆದುಕೊಳ್ಳುವುದನ್ನು ನೋಡಿದ್ದೇನೆ. ಅದು ಸರಿಯಾ?

ಶಿವಮೊಗ್ಗ_ಅಕ್ಕ: ನಾನು ಒಂದೇ ಕಡೆ ತೆಗೆದುಕೊಳ್ಳುವುದು. ರಸೀದಿ ಕೊಡುತ್ತೇನೆ, ಅದರ ಮೇಲೆ ನನ್ನ ನಂಬರ್ ಇರುತ್ತದೆ. ನೀವು ರಸೀದಿ ಕೊಡುತ್ತೀರಾ?