ತುಕ್ಕಿನ ಬಣ್ಣ, ಆದರೆ ಮೂಲೆ ಒಂದೂ ಮಾಸಿಲ್ಲ. ಇದ್ಯಾವ ಕಲ್ಲು?

ಮಸಾರಿ ಹೊಲ, ಮುಂಡರಗಿ ತಾಲೂಕು:
ನಮ್ಮ ಹೊಲ ಕಪ್ಪತಗುಡ್ಡದ ಸೆರಗಿನಲ್ಲಿದೆ. ಮೊನ್ನೆ ಕುಂಟೆ ಹೊಡೆಯುವಾಗ ಪಗಡೆ ದಾಳದಂಥ ಕಲ್ಲು ಸಿಕ್ಕಿತು. ಆರೂ ಮುಖ ಚೌಕ, ಕಂದು ಬಣ್ಣ, ಒಳ್ಳೆ ಭಾರ. ಮುಖದ ಮೇಲೆ ಸಣ್ಣ ಸಣ್ಣ ಗೆರೆ ಇವೆ. ಒಂದು ಮೂಲೆ ಒಡೆದಲ್ಲಿ ಹಿತ್ತಾಳೆ ಬಣ್ಣ ಮಿಂಚುತ್ತದೆ. ಒಬ್ಬರು ಬಂಗಾರ ಅಂತಾರೆ, ಇನ್ನೊಬ್ಬರು ಹಳೇ ಕಾಲದ ತೂಕದ ಬಟ್ಟು ಅಂತಾರೆ. ತುಕ್ಕು ಹಿಡಿದ ಕಬ್ಬಿಣ ಹೊಪ್ಪಳಿಕೆ ಎದ್ದು ಉದುರುತ್ತೆ ಅಲ್ವಾ? ಇದು ಹೇಗೆ ಚೌಕವಾಗೇ ಉಳಿಯಿತು?

ಕಲ್ಲು ಮಾಸ್ತರ, ಧಾರವಾಡ:
ಬಟ್ಟೂ ಅಲ್ಲ, ಬಂಗಾರವೂ ಅಲ್ಲ. ಒಳಗೆ ಮಿಂಚುವುದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅದು ಬೆಳೆಯುವುದೇ ಚೌಕವಾಗಿ, ಯಾರೂ ಕಡೆಯಬೇಕಿಲ್ಲ. ಮುಖದ ಗೆರೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಮುಖದಲ್ಲಿ ಅಡ್ಡ ಇದ್ದರೆ ಪಕ್ಕದ ಮುಖದಲ್ಲಿ ಉದ್ದ ಇರುತ್ತವೆ. ಪೈರೈಟ್‌ನ ಗುರುತೇ ಅದು.

ಹೊರಗಿನ ಕಂದು ಪದರ ಗೀಥೈಟ್. ಮಳೆ ನೀರು, ಗಾಳಿ ತಾಗಿದಾಗ ಗಂಧಕ ಆಮ್ಲವಾಗಿ ನೀರಿನ ಜೊತೆ ಹೊರಟುಹೋಗುತ್ತದೆ. ಕಬ್ಬಿಣ ಅಲ್ಲೇ ನಿಂತು ಆಮ್ಲಜನಕ ಮತ್ತು ನೀರು ಸೇರಿಸಿಕೊಂಡು ಗೀಥೈಟ್ ಆಗುತ್ತದೆ. ಹಳೆಯದು ಕರಗುವುದು, ಹೊಸದು ಕೂರುವುದು ಎರಡೂ ಒಂದೇ ತೆಳು ಗಡಿಯಲ್ಲಿ, ಹೊರಗಿಂದ ಒಳಕ್ಕೆ ನಿಧಾನವಾಗಿ ನಡೆಯುತ್ತವೆ. ನಡುವೆ ದೊಡ್ಡ ಖಾಲಿ ಜಾಗ ಬೀಳುವುದೇ ಇಲ್ಲ, ಆಕಾರ ಕುಸಿಯುವುದಾದರೂ ಹೇಗೆ? ಗೆರೆ ಸಮೇತ ಉಳಿಯುತ್ತದೆ. ಗೀಥೈಟ್ ತಾನೇ ಬೆಳೆದರೆ ಸೂಜಿಯ ಹಾಗೆ ಬೆಳೆಯುತ್ತದೆ, ಚೌಕವಾಗಿ ಅಲ್ಲ. ಇಲ್ಲಿ ತೊಟ್ಟಿರುವುದು ಪೈರೈಟ್‌ನ ಅಂಗಿ. ಇಂಥದ್ದಕ್ಕೆ ಸ್ಯೂಡೋಮಾರ್ಫ್ ಅಂತಾರೆ.

ಟೈಲ್ಸ್‌ನ ಹಿಂಬದಿ, ಹೊಳಪಿಲ್ಲದ ಕಡೆ ಉಜ್ಜಿ ನೋಡಿ. ಕಂದು ಭಾಗ ಹಳದಿ-ಕಂದು ಗೀರು ಬಿಡಬೇಕು, ಮಿಂಚುವ ಭಾಗ ಹಸಿರುಗಪ್ಪು. ಬಂಗಾರವಾದರೆ ಗೀರೂ ಬಂಗಾರದ ಬಣ್ಣವೇ.

ಗದಗ ಬೆಟಗೇರಿ:
ನಮ್ಮ ಗದಗ ಜಿಲ್ಲೆಯ ಕಬಲಾಯತಕಟ್ಟಿ ಕಡೆ ಹಿಂದೆ ಚಿನ್ನದ ಗಣಿ ಇತ್ತಲ್ಲ ಮಾಸ್ತರ? ಸುಮ್ನೆ ಅಲ್ಲ ಅಂತ ಹೇಗೆ ಹೇಳ್ತೀರಿ? ಇನ್ನೊಂದು, ಮರ ಕಲ್ಲಾಗುವುದೂ ಇದೇ ಥರಾನಾ?

ಕಲ್ಲು ಮಾಸ್ತರ, ಧಾರವಾಡ:
ಗಣಿ ಇದ್ದದ್ದು ನಿಜ. ಪೈರೈಟ್ ಒಳಗೆ ಕಣ್ಣಿಗೆ ಕಾಣದಷ್ಟು ಚಿನ್ನ ಇರಬಹುದು. ಒಂದು ದಾಳದಿಂದ ಮೂಗುಬಟ್ಟೂ ಆಗುವುದಿಲ್ಲ ಬಿಡಿ.

ಮರದ್ದು ಹತ್ತಿರದ ಕಥೆ. ನೀರಲ್ಲಿ ಕರಗಿದ ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ವಸ್ತು, ಮೊದಲು ಜೀವಕೋಶಗಳ ಟೊಳ್ಳು ತುಂಬುತ್ತದೆ, ಆಮೇಲೆ ಗೋಡೆಗಳ ಜಾಗವನ್ನೂ ಹಿಡಿಯುತ್ತದೆ. ತಮಿಳುನಾಡಿನ ತಿರುವಕ್ಕರೈಯಲ್ಲಿ ಅಂಥ ದಿಮ್ಮಿಗಳನ್ನು ನೋಡಬಹುದು. ವ್ಯತ್ಯಾಸ ಏನೆಂದರೆ, ನಿಮ್ಮ ಚೌಕದಲ್ಲಿ ಹಳೇ ಕಬ್ಬಿಣವೇ ಉಳಿದಿದೆ. ಮರದ ಸಿಲಿಕಾ ಪೂರ್ತಿ ಹೊರಗಿಂದ ಬಂದದ್ದು.

ಮಸಾರಿ ಹೊಲ, ಮುಂಡರಗಿ ತಾಲೂಕು:
ಉಜ್ಜಿದೆ. ನೀವು ಹೇಳಿದ ಹಾಗೇ ಎರಡು ಬಣ್ಣ ಬಂತು. ಪೂರ್ತಿ ಒಡೆದು ನೋಡಲಾ? ಗುಡ್ಡದಲ್ಲಿ ಇನ್ನೂ ಹುಡುಕಬೇಕು ಅಂತಲೂ ಇದೆ.

ಕಲ್ಲು ಮಾಸ್ತರ, ಧಾರವಾಡ:
ಒಡೆಯಬೇಡಿ, ಅರ್ಧ ಬದಲಾದದ್ದೇ ನೋಡೋಕೆ ಚೆಂದ. ಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಕಲ್ಲು ತರುವ ಉಸಾಬರಿ ಬೇಡ. ಹೊಲದಲ್ಲಿ ಸಿಕ್ಕಿದ್ದು ಸಾಕು. ಕಾಗದದಲ್ಲಿ ಸುತ್ತಿ ಥಂಡಿ ಜಾಗದಲ್ಲಿ ಮಾತ್ರ ಇಡಬೇಡಿ. ಒಳಗೆ ಉಳಿದ ಪೈರೈಟ್ ತೇವ ಸಿಕ್ಕರೆ ಮತ್ತೆ ಆಮ್ಲ ಬಿಡುತ್ತದೆ, ಕಾಗದ ತಿಂದುಹಾಕುತ್ತದೆ. ಒಣಗಿದ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.